ಮರದ ಕಡೆ ಎದ್ದ ಕೈಗಳು

ಭೋರ್ಗರೆಯುವ ನೀರಿನಲ್ಲಿ ಇರುವವನಿಗೆ ದಡದಲ್ಲಿ ನಿಂತವರ ಕೂಗು ಕೇಳಿಸುವುದಿಲ್ಲ. ಇದನ್ನು ತಿಳಿಯಲು ಓದು ಬೇಕಿಲ್ಲ. ಅಡುಗೆಮನೆಯ ನಲ್ಲಿ ಪೂರ್ತಿ ಬಿಟ್ಟುಕೊಂಡು ಪಕ್ಕದ ಕೋಣೆಯವರ ಮಾತಿಗೆ ಕಿವಿಗೊಟ್ಟರೆ ಸಾಕು. ಆದರೂ ನೀವು ಕೂಗುತ್ತೀರಿ. ಕೂಗು ಮುಟ್ಟಲಿಲ್ಲ ಅನಿಸಿದಾಗ ಕೈ ಎತ್ತುತ್ತೀರಿ. ಎತ್ತಿದ ಕೈ ಯಾವ ಕಡೆಗೆ ತಿರುಗಿದೆ ಎಂದು ಮಾತ್ರ ನೋಡಿಕೊಳ್ಳುವುದಿಲ್ಲ. ಹಾಗೆ ನೋಡಿಕೊಳ್ಳದ ಕೈಗಳ ದೆಸೆಯಿಂದ ಒಬ್ಬ ಹೆಂಗಸು ತನ್ನ ಊರಿನಲ್ಲೇ ವರ್ಷವಿಡೀ ತಲೆ ತಗ್ಗಿಸಿ ಓಡಾಡಬೇಕಾಗಿತ್ತು. ಅವಳು ತಗ್ಗಿಸಲಿಲ್ಲ, ಅದು ಬೇರೆ ಮಾತು.

ಊರು ಅವಳನ್ನು ಕರೆಯುವುದು ಲಂಗದಕ್ಕ ಎಂದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೇಕರಿಯ ಗೋಡೆಗೆ ಅಂಟಿಕೊಂಡು, ಅವಳ ಹೊಲಿಗೆ ಅಂಗಡಿ. ಒಂದು ಶಟರಿನ ಅಗಲ, ಕಾಲು ಚಾಚಿದರೆ ಎದುರಿನ ಗೋಡೆ. ಮೆತ್ತನೆಯ ಬಟ್ಟೆಯನ್ನು ಅವಳು ಮುಟ್ಟುವವಳಲ್ಲ. ಡೇರೆ, ಲಾರಿಯ ಟಾರ್ಪಾಲು, ಬೈಕಿನ ಸೀಟು, ಶಾಲೆ ಮಕ್ಕಳ ಹರಿದ ಬ್ಯಾಗು, ಇಂಥವು ಅವಳ ಕೆಲಸ. ಬೆರಳ ತುದಿಯಲ್ಲಿ ಒಣಗಿದ ಅಂಟು ಸದಾ ಸಿಪ್ಪೆಯಂತೆ ಸುಲಿಯುತ್ತಿರುತ್ತದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಬೈಯುವ ಕಲೆ ಅವಳಿಗೆ ಸಿದ್ಧಿಸಿದೆ.

ಆ ಅಡ್ಡಹೆಸರು ಬಂದದ್ದು ತೊರೆಯಿಂದ. ಊರಿನ ಮೇಲಿನ ಗುಡ್ಡದಿಂದ ಒಂದು ತೊರೆ ಇಳಿಯುತ್ತದೆ. ಇಳಿಯುತ್ತದೆ ಎನ್ನುವುದು ಸುಳ್ಳು, ಬೀಳುತ್ತದೆ. ಮೆಟ್ಟಿಲ ಮೇಲಿಂದ ಕೈಜಾರಿದ ಪಾತ್ರೆಯ ಹಾಗೆ ಬಂಡೆಯಿಂದ ಬಂಡೆಗೆ ಬಡಿದುಕೊಂಡು. ಹೊಸ ನೀರು ಬರುವ ತಿಂಗಳುಗಳಲ್ಲಿ ಕೆಲವರು ಅದರಲ್ಲಿ ಕಯಾಕ್ ಇಳಿಸುತ್ತಾರೆ. ಕಯಾಕ್ ಅಂದರೆ ಒಬ್ಬರೇ ಕೂರುವ, ಮೇಲೆಲ್ಲ ಮುಚ್ಚಿದ, ಮೊಂಡು ಮೂಗಿನ ದೋಣಿ. ನಡುವೆ ಸೊಂಟ ತೂರುವಷ್ಟು ಬಾಯಿ. ಆ ಬಾಯಿಯಿಂದ ನೀರು ಒಳನುಗ್ಗದ ಹಾಗೆ ಕೂತವರ ಸೊಂಟಕ್ಕೂ ದೋಣಿಯ ಅಂಚಿಗೂ ಸೇರಿಸಿ ಬಿಗಿಯುವ ರಬ್ಬರ್ ಬಟ್ಟೆಗೆ ಅವರೆಲ್ಲ ಲಂಗ ಎನ್ನುತ್ತಾರೆ. ಲಂಗದ ಮುಂದೊಂದು ಕುಣಿಕೆ. ದೋಣಿ ಮಗುಚಿಕೊಂಡು ಮೇಲೇಳಲು ಆಗದಿದ್ದರೆ ಕುಣಿಕೆ ಎಳೆಯಬೇಕು. ಲಂಗ ಕಳಚಿ ಮನುಷ್ಯ ಹೊರಬರುತ್ತಾನೆ. ಕುಣಿಕೆ ಕೈಗೆ ಸಿಗದಿದ್ದರೆ ಬರುವುದಿಲ್ಲ. ಅದಕ್ಕೇ ಅವಳು ಕುಣಿಕೆಯನ್ನು ಕೆಂಪು ಪಟ್ಟಿಯಲ್ಲಿ ಹೊಲಿದು, ಅದಕ್ಕೆ ತಾನೇ ಜೋತುಬಿದ್ದು ನೋಡಿ, ಆಮೇಲಷ್ಟೇ ಕೊಡುತ್ತಾಳೆ.

“ಗಂಡಸರಿಗೆಲ್ಲ ಲಂಗ ಹೊಲಿದುಕೊಡ್ತೀಯಂತಲ್ಲಕ್ಕ?” ಎಂದು ಪಕ್ಕದ ಬೇಕರಿಯವನು ಮೊದಮೊದಲು ಹಲ್ಲು ಕಿರಿಯುತ್ತಿದ್ದ.

“ನಿನಗೂ ಹೊಲೀತೀನಿ ಬಾ. ಆದ್ರೆ ನಿನ್ನ ಹೊಟ್ಟೆ ಸುತ್ತಿ ಬರೋಕೆ ಲಾರಿ ಟಾರ್ಪಾಲೇ ಬೇಕು.”

ತಾನು ತೊಟ್ಟು ನೋಡದ್ದನ್ನು ಹೊಲಿಯುವುದಿಲ್ಲ ಎಂದು ಹಟ ಹಿಡಿದು ಅವಳು ಮೊದಲ ಸಲ ದೋಣಿಯಲ್ಲಿ ಕೂತದ್ದು. ಕೂತ ಕೂಡಲೇ ಮಗುಚಿಕೊಂಡಳು. ಕೆಮ್ಮುತ್ತ, ಮೂಗಲ್ಲಿ ನೀರು ಸುರಿಸುತ್ತ ಮೇಲೆ ಬಂದು, ದೋಣಿ ಮಾಡಿದವನ ವಂಶವನ್ನೆಲ್ಲ ಬೈದು, ಮತ್ತೆ ಹತ್ತಿ ಕೂತಳು. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. “ನಾನೋ, ಆ ದೋಣಿಯೋ, ಒಂದು ತೀರ್ಮಾನ ಮಾಡು” ಎಂದು ಗಂಡ ಒಂದು ದಿನ ಕೇಳಿದ. ಪಾಪ, ಕೇಳಬಾರದಿತ್ತು. ಅವನು ಮನೆ ಬಿಟ್ಟು ಹೋದ ಮೇಲೆ ಅಮ್ಮನೂ ತಮ್ಮನೂ ಅಂಗಡಿಯ ಮೇಲಿನ ಕೋಣೆಗಳಿಗೆ ಬಂದು ಸೇರಿಕೊಂಡರು. ತಮ್ಮ ಗೋಡೆಗೆ ಬಣ್ಣ ಬಳಿಯುವವನು. ಅವನಿಗೆ ದೋಣಿ ಕಲಿಸಿದವಳು ಅವಳೇ. ಅಕ್ಕನನ್ನು ಮೀರಿಸಿ ಕಲಿತ. ಕೊನೆಗೆ ಮೊಣಕಾಲು ಕೈಕೊಟ್ಟಾಗ ಅವಳು ದೋಣಿ ಬಿಟ್ಟು, ಇಳಿಯುವವರಿಗೆ ದಾರಿ ತೋರಿಸಲು ಬಂಡೆ ಹತ್ತಿದಳು.

ಆ ಬಂಡೆಯ ವಿಷಯ ಹೇಳಲೇಬೇಕು. ಊರಿನ ಕಾಲುಸೇತುವೆಯಿಂದ ಸ್ವಲ್ಪ ಮೇಲೆ, ತೊರೆಯ ಕೊನೆಯ ಜಿಗಿತ. ಅದರ ನೆತ್ತಿಯಲ್ಲಿ ನೀರು ಎರಡಾಗಿ ಸೀಳುತ್ತದೆ. ಒಂದು ಪಾಲು ಹಾಳುಬಿದ್ದ ಗಿರಣಿಯ ಗೋಡೆಗೆ ಒರಗಿಕೊಂಡು ನುಣ್ಣಗೆ ಜಾರುತ್ತದೆ. ಇನ್ನೊಂದು ಪಾಲು ಕಪ್ಪು ಬಂಡೆಯ ಕಡೆ ನೊರೆಯೆಬ್ಬಿಸಿ ಬೀಳುತ್ತದೆ. ನೋಡಿದರೆ ಎದೆ ನಡುಗುತ್ತದೆ, ಇಳಿದರೆ ಬೆನ್ನಿಗೊಂದು ಗುದ್ದು, ಅಷ್ಟೇ. ದೋಣಿಗಳು ಸಾಮಾನ್ಯವಾಗಿ ಗಿರಣಿ ಕಡೆಯಿಂದಲೇ ಇಳಿಯುತ್ತವೆ. ಆದರೆ ನೀರು ಏರಿದಾಗ ಮೇಲಿನ ಕಾಡಿನಿಂದ ಮರಗಳು ತೇಲಿ ಬರುತ್ತವೆ. ಬಂದ ಮರ ಗಿರಣಿ ಗೋಡೆಯ ಬುಡದಲ್ಲಿ ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ. ನೀರು ಅದರ ಅಡಿಯಿಂದ ನುಸುಳಿ ಹೋಗುತ್ತದೆ. ಮನುಷ್ಯ ನುಸುಳಲಾರ. ನೀರೇ ಅವನನ್ನು ಮರಕ್ಕೆ ಒತ್ತಿ ಹಿಡಿದುಕೊಳ್ಳುತ್ತದೆ.

ಮೇಲಿಂದ ಬರುವವನಿಗೆ ಇದ್ಯಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ನೀರು ಮುಗಿದುಹೋಗುವ ಒಂದು ಗೆರೆ, ಅದರಾಚೆ ಸೇತುವೆ, ಸೇತುವೆಯ ಕೆಳಗೆ ಬೇರೊಂದು ಬಂಡೆಯ ಮೇಲೆ, ಎಸೆಯುವ ಹಗ್ಗದ ಚೀಲ ಹಿಡಿದು ನಿಂತ ಒಬ್ಬಳು, ಅವಳ ಕೈ. ಕೈ ಯಾವ ಕಡೆಯೋ ದೋಣಿ ಆ ಕಡೆ. ನೀರಿನವರಲ್ಲಿ ಇದೊಂದು ಕಟ್ಟುನಿಟ್ಟು: ಕೈ ತೋರಿಸುವುದು ಹೋಗಬೇಕಾದ ಕಡೆಗೆ ಮಾತ್ರ. ಅಪಾಯದ ಕಡೆಗೆ ಬೆರಳನ್ನೂ ಎತ್ತಬಾರದು. ಯಾಕೆಂದರೆ ನೀರಲ್ಲಿ ಇರುವವನಿಗೆ ‘ಅಲ್ಲಿಗೆ ಹೋಗು’ ಎನ್ನುವ ಕೈಯೂ ‘ಅಲ್ಲಿ ಸಾವಿದೆ’ ಎನ್ನುವ ಕೈಯೂ ಒಂದೇ ಥರ ಕಾಣುತ್ತವೆ. ದೋಣಿ ಹತ್ತುವ ಮೊದಲೇ ಇದನ್ನು ಕಲಿಸುತ್ತಾರೆ. ತಮ್ಮನಿಗೆ ಕಲಿಸಿದವಳೂ ಅವಳೇ.

ಹೋದ ವರ್ಷ ಹೊಸ ನೀರು ಬಂದಾಗ ಸೇತುವೆಯ ಮೇಲೆ ನೀವೆಲ್ಲ ಇದ್ದಿರಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬೇಕರಿಯವನ ಬಿಸ್ಕತ್ತು ತಿನ್ನುತ್ತ. ಏನು ನೋಡಲು ಬಂದಿದ್ದಿರಿ ಎಂದು ಕೇಳಿದರೆ ಸಿಟ್ಟು ಬರುತ್ತದೆ. ದೋಣಿ ಚೆನ್ನಾಗಿ ಇಳಿದಾಗ ನಿಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎನ್ನುವುದನ್ನು ಇಲ್ಲಿ ನೆನಪಿಸಿದರೆ ಸಾಕು.

ಅವಳ ತಮ್ಮ ಮೇಲಿನ ಕೊನೆಯ ತಂಗುನೀರನ್ನು, ದೋಣಿ ನಿಲ್ಲಿಸಬಹುದಾದ ಬಂಡೆಮರೆಯ ಜಾಗವನ್ನು, ಬಿಟ್ಟು ಹೊರಟಾಗಿತ್ತು. ಅಷ್ಟರಲ್ಲಿ ಒಂದು ಮರ ಅವನಿಗಿಂತ ಮುಂದೆ ತೇಲಿ ಬಂದು ಗಿರಣಿ ಗೋಡೆಗೆ ಕಚ್ಚಿಕೊಂಡಿತು. ಅವನಿಗೆ ಇನ್ನು ನಿಲ್ಲಲು ಜಾಗವಿಲ್ಲ. ಅವಳು ಕಪ್ಪು ಬಂಡೆಯ ಕಡೆಗೆ ತೋಳು ಚಾಚಿದಳು. ಸೇತುವೆಯ ಮೇಲಿದ್ದ ನೀವು “ಮರ! ಮರ!” ಎಂದು ಬಾಯಿ ಬಡಿದುಕೊಂಡು, ಮರವನ್ನು ತೋರಿಸಿದಿರಿ. ಒಬ್ಬರಲ್ಲ, ಎಲ್ಲರೂ. ನೀರಿನ ಗೆರೆಯ ಹತ್ತಿರ ತಲೆಯೆತ್ತಿದ ಹುಡುಗನಿಗೆ ಕಂಡದ್ದು ಒಂದು ಕೈ ಈ ಕಡೆ, ಒಂದು ಸೇತುವೆ ತುಂಬ ಕೈಗಳು ಆ ಕಡೆ. ಅವನು ಸೇತುವೆಯನ್ನು ನಂಬಿದ.

ಅವಳು ಎಸೆದ ಹಗ್ಗ ಮೊದಲ ಸಲಕ್ಕೇ, ಮರಕ್ಕೆ ಸಿಕ್ಕಿಕೊಂಡ ಅವನ ಎದೆಯ ಮೇಲೆ ಬಿತ್ತು. ಕೆಂಪು ಕುಣಿಕೆ ಎಳೆದ ಕೂಡಲೇ ಲಂಗ ಕಳಚಿತು. ಅದಕ್ಕೇ ಅವನು ಬದುಕಿದ. ಇದನ್ನು ಯಾರೂ ಹೇಳುವುದಿಲ್ಲ. ಬಲಭುಜ ಮಾತ್ರ ಮರದ ಕೆಳಗೆ ತಿರುಚಿ ಹರಿಯಿತು. ಈಗ ಆ ತೋಳು ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಮೇಲೆ ಏಳುವುದಿಲ್ಲ. ಗೋಡೆಗೆ ಬಣ್ಣ ಬಳಿಯುವವನು ತೋಳೆತ್ತಲಾಗದೆ ಅರ್ಧ ಗೋಡೆಗೆ ನಿಂತುಬಿಟ್ಟರೆ ಯಾರು ಕೆಲಸ ಕೊಡುತ್ತಾರೆ? ಕಿಟಕಿ, ಗೇಟು ಎಂದು ಚಿಲ್ಲರೆ ಕೆಲಸ ಹುಡುಕಿಕೊಂಡ.

ಮರ ಸಿಕ್ಕಿಕೊಂಡ ಮೇಲಿನದನ್ನೆಲ್ಲ ಬೇಕರಿಯವನು ಫೋನಿನಲ್ಲಿ ಹಿಡಿದಿದ್ದ. ಸಂಜೆಯೊಳಗೆ ಅದು ಊರಿನ ಅಂಗೈಗಳಲ್ಲಿತ್ತು. ನೋಡಿದವರಿಗೆಲ್ಲ ವಿಷಯ ಸ್ಪಷ್ಟ: ಇಡೀ ಊರು ಬಡಿದುಕೊಂಡು ಮರ ತೋರಿಸುತ್ತಿದೆ, ಒಡಹುಟ್ಟಿದ ಅಕ್ಕ ಒಬ್ಬಳು ಮಾತ್ರ ಬೇರೆಲ್ಲೋ ಕೈ ಮಾಡಿ ನಿಂತಿದ್ದಾಳೆ. “ತಮ್ಮನ್ನ ನೀರಿಗೆ ಕೊಟ್ಟವಳು” ಎಂದರು. ಡೇರೆ ಹೊಲಿಸಲು ಬಂದವರು ಶಟರಿನ ಹತ್ತಿರ ನಿಂತು, ನೋಡಿ, ಬೇರೆ ಕಡೆ ಹೋದರು. ಒಬ್ಬ ಹೆಂಗಸು ಮಗುವಿನ ಬ್ಯಾಗು ವಾಪಸು ಕೇಳುತ್ತ, “ನಿಮ್ಮ ಕೈಗುಣ ನಮಗೆ ಬೇಡಮ್ಮ” ಎಂದಳು. ಲಂಗದಕ್ಕ ಬಾಯಲ್ಲಿದ್ದ ಸೂಜಿ ತೆಗೆಯದೆ, “ಜಿಪ್ ಹಾಕಿಲ್ಲ. ಹಾಗೇ ಬಾಯಿ ತೆಕ್ಕೊಂಡಿರಲಿ, ಮನೆಯವರ ಥರಾನೇ” ಎಂದು ಬ್ಯಾಗನ್ನು ಎಸೆದಳು.

ಊರಿನ ಮಾತು ಅವಳಿಗೆ ತಾಗಲಿಲ್ಲ ಎಂದರೆ ನಂಬಬೇಡಿ. ಆದರೆ ಕೊಯ್ದದ್ದು ಅದಲ್ಲ. ಕೊಯ್ದದ್ದು ತಮ್ಮನ ಮಾತು. ಆಸ್ಪತ್ರೆಯಿಂದ ಬಂದು, ಮೇಲಿನ ಕೋಣೆಯ ಮಂಚದ ಮೇಲೆ ಕೂತು, ಪಟ್ಟಿ ಸುತ್ತಿದ ಭುಜವನ್ನು ಗೋಡೆಗೆ ಆನಿಸಿ ಅವನು ಹೇಳಿದ:

“ನೀನು ತಡವಾಗಿ ಕೈ ಎತ್ತಿದೆ ಅಕ್ಕ.”

“ನಾನು ಮೊದಲೇ ಎತ್ತಿದ್ದೆ. ಸೇತುವೆ ಮೇಲಿನವರು ಮರ ತೋರಿಸ್ತಿದ್ರು.”

“ಊರವರು ತೋರಿಸಿರಬಹುದು. ಆದ್ರೆ ನಮ್ಮವರೂ ಅಲ್ಲಿದ್ರಲ್ಲ? ಬಸ್ಸಿನವನು ಇದ್ದ. ಅವನ ಕೈಯೂ ಗಿರಣಿ ಕಡೆಗೇ ಇತ್ತು, ನಾನು ನೋಡಿದೀನಿ. ನೀರು ಗೊತ್ತಿರೋನು ಯಾರಾದ್ರೂ ಅಪಾಯದ ಕಡೆ ಕೈ ತೋರಿಸ್ತಾನಾ? ಅವನು ತೋರಿಸಿದಾಗ ಆ ಕಡೆ ಖಾಲಿ ಇತ್ತು. ಮರ ಆಮೇಲೆ ಬಂತು. ನೀನು ಆಮೇಲೆ ಕೈ ಬದಲಾಯಿಸಿದೆ.”

ಬಸ್ಸಿನವನು ಎಂದರೆ ಗುಡ್ಡದ ದಾರಿಯಲ್ಲಿ ಬಸ್ ಓಡಿಸುವವನು. ಅವನೂ ದೋಣಿಯವನೇ. ಆ ದಿನ ತೊರೆ ಇಳಿಯುವ ತನ್ನ ಸರದಿ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಸೇತುವೆಯ ಮೇಲೆ ನಿಂತಿದ್ದ. ಅವಳು ಹೋಗಿ ಕೇಳಿದಳು. ಅವನು ಸ್ಟಿಯರಿಂಗಿನ ಮೇಲೆ ಹೊಡೆದು ಹೇಳಿದ: “ನನ್ನನ್ನ ಏನಂದ್ಕೊಂಡಿದೀಯ? ನಾನು ಮರ ತೋರಿಸ್ತೀನಾ? ನಾನು?” ಅವನು ಸುಳ್ಳು ಹೇಳುತ್ತಿರಲಿಲ್ಲ. ತನ್ನ ಕೈ ಏನು ಮಾಡಿತೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಲ್ಲಿಂದ ಅಕ್ಕತಮ್ಮಂದಿರ ನಡುವೆ ಮಾತು ಸತ್ತುಹೋಯಿತು. ಒಂದೇ ಮನೆ, ಒಂದೇ ಮೆಟ್ಟಿಲು. ಅವಳು ಕೆಳಗಿಳಿಯುವಾಗ ಅವನು ಮೇಲೆ ಗೋಡೆಯ ಕಡೆ ತಿರುಗಿಕೊಳ್ಳುವುದು. “ಉಪ್ಪು ಕೊಡು ಅಂತ ಅವಳಿಗೆ ಹೇಳಮ್ಮ” ಎನ್ನುವುದು, ಅವಳು ಎದುರಿಗೇ ಕೂತಿರುವಾಗ.

“ನಾನೇನು ನಿಮ್ಮಿಬ್ಬರ ನಡುವಿನ ಟೆಲಿಫೋನಾ?” ಎಂದು ಅಮ್ಮ ತಟ್ಟೆ ಕುಕ್ಕುತ್ತಿದ್ದಳು. “ಒಬ್ಬಳಿಗೆ ನಾಲಿಗೆ ಉದ್ದ, ಒಬ್ಬನಿಗೆ ಮೂಗಿನ ಮೇಲೇ ಕೋಪ. ಎರಡನ್ನೂ ಹೆತ್ತ ನನ್ನ ತಪ್ಪು.”

ಈ ವರ್ಷ ನೀರು ಏರುತ್ತಿದ್ದಂತೆ ದೋಣಿಯವರು ಬಸ್ ಡಿಪೋದ ಹಿಂದಿನ ಶೆಡ್ಡಿನಲ್ಲಿ ಸೇರಿದರು. ಬಂಡೆಯ ಮೇಲೆ ಅವಳು ನಿಲ್ಲಬೇಕೋ ಬೇಡವೋ? ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ, ಇರಲಿ ಎನ್ನುವ ಮನಸ್ಸೂ ಇಲ್ಲ. ಕೊನೆಗೆ ಹೇಡಿಗಳು ಮಾಡುವ ಕೆಲಸ ಮಾಡಿದರು: ತೀರ್ಮಾನವನ್ನು ತಮ್ಮನ ಮೇಲೆ ಹಾಕಿದರು. ಅವನು ಬಂದು ಒಂದು ದಿನ ನೋಡಲಿ, ಅವನಿಗೆ ಸರಿ ಕಂಡರೆ ಅವಳಿರಲಿ, ಇಲ್ಲವಾದರೆ ಬೇರೆಯವರು.

“ನೋಡ್ತೀನಿ” ಎಂದ ತಮ್ಮ, ಅಕ್ಕನ ಕಡೆ ತಿರುಗದೆ. “ಸೇತುವೆ ಮೇಲಿಂದಲೇ ನೋಡ್ತೀನಿ. ಎಷ್ಟು ಬೇಗ ಕೈ ಎತ್ತುತ್ತಾಳೆ ಅಂತ.”

“ಬಾಪ್ಪ, ಬಾ. ಮುಂದಿನ ಸಾಲಲ್ಲೇ ಜಾಗ ಹಿಡ್ಕೋ” ಎಂದಳು ಅವಳು. ಹೊರಗೆ ಬಂದು, ಶೆಡ್ಡಿನ ಗೋಡೆಗೆ ಹಣೆ ಆನಿಸಿ ಸ್ವಲ್ಪ ಹೊತ್ತು ನಿಂತಳು. ಆ ಬಂಡೆ ಹೋದರೆ ಅವಳಿಗೆ ಉಳಿಯುವುದು ತಮ್ಮನನ್ನು ನೀರಿಗೆ ಕೊಟ್ಟವಳು ಎಂದು ಊರು ಕೊಟ್ಟ ಹೆಸರೊಂದೇ. ಬಂಡೆಯನ್ನು ಉಳಿಸುವವನೋ ಕಿತ್ತುಕೊಳ್ಳುವವನೋ, ತಾನು ಎತ್ತಿ ಆಡಿಸಿದ ತಮ್ಮ.

ಆ ಬೆಳಗ್ಗೆ ಸೇತುವೆ ಮತ್ತೆ ತುಂಬಿತ್ತು. ಅಕ್ಕತಮ್ಮಂದಿರ ಜಗಳ ಅಂದರೆ ಬಿಡುತ್ತೀರಾ? ಬೇಕರಿಯವನು ಕಂಬಿಗೆ ಹೊಟ್ಟೆ ಒತ್ತಿ ಫೋನು ಹಿಡಿದು ನಿಂತಿದ್ದ. ಅವನ ಪಕ್ಕದಲ್ಲೇ ತಮ್ಮ, ಬಣ್ಣದ ಕಲೆಗಳಿದ್ದ ಬೂದು ಸ್ವೆಟರಿನಲ್ಲಿ. ಅವಳು ಬಂಡೆಯ ಮೇಲೆ ಕಾಲು ಊರಿ, ಹಗ್ಗದ ಚೀಲದ ಬಾಯಿ ಸಡಿಲಿಸಿಕೊಂಡು, ಗಿರಣಿ ಗೋಡೆಯ ಬುಡ ನೋಡಿದಳು. ಖಾಲಿ. ತೋಳನ್ನು ಗಿರಣಿ ಕಡೆ ಚಾಚಿದಳು. ಮೊದಲ ದೋಣಿ ಇಳಿಯಿತು. ಎರಡನೆಯದೂ ಇಳಿಯಿತು. ಮುಂದೆ ಬಸ್ಸಿನವನ ಸರದಿ.

ಅವನ ಕಿತ್ತಳೆ ಹೆಲ್ಮೆಟ್ ಮೇಲಿನ ತಂಗುನೀರನ್ನು ಬಿಟ್ಟದ್ದೂ, ನೀರಿನ ಒಂದು ಕಂದು ಉಬ್ಬಿನಲ್ಲಿ ಮರವೊಂದು ಬೇರುಸಮೇತ ಜಿಗಿತದಿಂದ ಬಿದ್ದದ್ದೂ ಒಂದೇ ಉಸಿರಿನಲ್ಲಿ ಆಯಿತು. ಮರ ಹೊರಳಿ ಗಿರಣಿ ಗೋಡೆಗೆ ಕಚ್ಚಿಕೊಂಡಿತು. ಅವಳ ತೋಳು ಆಗಲೇ ಕಪ್ಪು ಬಂಡೆಯ ಕಡೆಗೆ ತಿರುಗಿತ್ತು. ಹಲ್ಲಿನಲ್ಲಿ ಕಚ್ಚಿದ್ದ ಸೀಟಿಯನ್ನು ಊದಿದಳು. ನೀರು ಸೀಟಿಯನ್ನೂ ನುಂಗಿತು.

ಒಂದು ಸಲ ಸೇತುವೆಯ ಕಡೆ ನೋಡಿದಳು. ನೋಡಬಾರದಿತ್ತು.

ಬಾಯಿಗಳೆಲ್ಲ ತೆರೆದಿದ್ದವು, ಸದ್ದಿಲ್ಲ. ಕೈಗಳೆಲ್ಲ ಎದ್ದಿದ್ದವು. ಎಲ್ಲವೂ ಮರದ ಕಡೆ. ಅವುಗಳ ನಡುವೆ ಒಂದು ಬೂದು ತೋಳು, ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟದ್ದು, ಅದಕ್ಕಿಂತ ಮೇಲೆ ಏಳಲಾಗದ್ದು, ಬೆರಳು ಚಾಚಿ ಮರವನ್ನೇ ತೋರಿಸುತ್ತಿತ್ತು.

ನೀರು ಗೊತ್ತಿರುವವನ ಕೈ. ಮರದ ಕೆಳಗೆ ಹರಿದ ಕೈ.

ಆಮೇಲಿನದನ್ನು ಅವಳು ಮೂಕಿ ಚಿತ್ರದ ಹಾಗೆ ನೋಡಿದಳು. ಬೂದು ಸ್ವೆಟರಿನವನ ಬಾಯಿ ಒಮ್ಮೆಲೇ ಮುಚ್ಚಿತು. ಅವನು ತನ್ನ ತೋಳನ್ನೇ, ಪಕ್ಕದವರದ್ದೇನೋ ಎಂಬಂತೆ, ತಿರುಗಿ ನೋಡಿದ. ನೋಡಿದವನೇ ಬೇಕರಿಯವನ ತೋಳಿಗೆ ಎಂಥ ಏಟು ಕೊಟ್ಟನೆಂದರೆ ಫೋನು ಕಂಬಿಯಾಚೆ ಹಾರಿ ನೀರಿಗೆ ಬಿತ್ತು. ಅದರಾಚೆಯವನ ಕೈ ಹಿಡಿದು ಮುರಿಯುವಂತೆ ಕಪ್ಪು ಬಂಡೆಯ ಕಡೆ ತಿರುಗಿಸಿದ. ಮೊಣಕೈಯಿಂದ ಒಬ್ಬಳ ಪಕ್ಕೆಗೆ ತಿವಿದ. ಸರಿಯಿದ್ದ ಎಡಗೈಯನ್ನು ಆಕಾಶಕ್ಕೆ ಎತ್ತಿ, ಇಡೀ ಮೈ ವಾಲಿಸಿ, ಅಕ್ಕ ತೋರಿಸಿದ ಕಡೆಗೇ ಚಾಚಿದ. ಬೈಗುಳಕ್ಕೆ ಹೆದರಿಯೋ, ಏಟಿಗೆ ಹೆದರಿಯೋ, ಕೈಗಳು ಒಂದೊಂದಾಗಿ ಹೊರಳಿದವು.

ಕಿತ್ತಳೆ ಹೆಲ್ಮೆಟ್ ಗೆರೆಯ ಮೇಲೆ ಬಂದು ತಡವರಿಸಿತು. ಗಿರಣಿಯ ಕಡೆ ಅರ್ಧ ತಿರುಗಿದ್ದ ದೋಣಿಯ ಮೂಗು ನಿಂತಿತು. ಹುಟ್ಟು ಒಂದೇ ಬದಿಯಲ್ಲಿ ಎರಡು ಸಲ ನೀರನ್ನು ಅಗೆಯಿತು. ದೋಣಿ ಅಡ್ಡಡ್ಡ, ನಾಚಿಕೆಗೇಡಾಗಿ, ಕಪ್ಪು ಬಂಡೆಯ ನೊರೆಗೆ ಬಿದ್ದು, ಮಗುಚಿ, ಕೆಳಗಿನ ಹೊಂಡದಲ್ಲಿ ಎದ್ದು ಕೂತಿತು.

ಬಸ್ಸಿನವನನ್ನು ಅವಳು ಕೊರಳಪಟ್ಟಿ ಹಿಡಿದು ದಡಕ್ಕೆ ಎಳೆದಳು. ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

“ಕೈಗಳು ಎರಡೂ ಕಡೆ ಇದ್ವು. ಮೊದಲು ಆ ಕಡೆ... ನಾನು ಹೊರಟೇಬಿಟ್ಟಿದ್ದೆ. ಆಮೇಲೆ ಎಲ್ಲ ಈ ಕಡೆ ಬಂದ್ವು.” ಅವನು ಸೇತುವೆ ನೋಡಿದ, ಮರ ನೋಡಿದ, ಆಮೇಲೆ ತನ್ನ ಅಂಗೈ ನೋಡಿದ. “ಅಕ್ಕ, ಹೋದ ವರ್ಷ ನಾನೂ...”

“ಮೊದಲು ಒದ್ದೆ ಬಟ್ಟೆ ಬಿಚ್ಚು. ಸತ್ತ ಮೇಲೆ ತಪ್ಪೊಪ್ಪಿಕೊಂಡು ಏನು ಉಪಯೋಗ?”

ತಮ್ಮ ಮೆಟ್ಟಿಲಿಳಿದು ಬಂಡೆಯವರೆಗೂ ಬಂದ. ಅವನ ಬೆನ್ನಿಗೇ ಮೆಟ್ಟಿಲಿಳಿದ ಬೇಕರಿಯವನು ಕೂಗುತ್ತಿದ್ದ, ಫೋನಿನ ಬಗ್ಗೆ, ಅವರಮ್ಮನ ಬಗ್ಗೆ.

“ನಾನು ಮರ ತೋರಿಸ್ದೆ” ಎಂದ.

“ನೋಡಿದೆ.”

“ಗೊತ್ತಿದ್ದೂ ತೋರಿಸ್ದೆ ಅಕ್ಕ. ಕೈ ಎದ್ದಿದ್ದೇ ಗೊತ್ತಾಗ್ಲಿಲ್ಲ.”

“ಅದನ್ನೂ ನೋಡಿದೆ.”

“ಏನಾದ್ರೂ ಬೈಯಿ.”

“ಬೈಯೋಕೆ ಮನೆ ಇದೆ, ಅಮ್ಮನೂ ಇದ್ದಾಳೆ, ಇಬ್ಬರೂ ಸೇರಿ ಬೈತೀವಿ.” ಅವಳು ಹಗ್ಗವನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. “ಮೇಲೆ ಇನ್ನೊಂದು ದೋಣಿ ಕಾಯ್ತಾ ಇದೆ. ನೀನು ಹೋಗಿ ಸೇತುವೆ ಮೇಲೆ ನಿಲ್ಲು. ನೀರಿಗೆ ಬೆನ್ನು ಹಾಕಿ, ಜನರ ಮುಖ ನೋಡ್ಕೊಂಡು ನಿಲ್ಲು. ಯಾರ ಕೈ ಏಳುತ್ತೋ ಅದನ್ನ ಇಳಿಸು.”

ಅವನು ಹೋದ. ಅಂದಿನಿಂದ ನೀರಿರುವಷ್ಟು ದಿನ ಅಲ್ಲೇ ನಿಲ್ಲುತ್ತಾನೆ, ತೊರೆಗೆ ಬೆನ್ನು ಹಾಕಿ. ಅಕ್ಕನ ಕೈಯನ್ನು ಅವನು ತಿರುಗಿ ಪರೀಕ್ಷಿಸುವುದಿಲ್ಲ. ಮನೆಯಲ್ಲಿ ಈಗ ಉಪ್ಪನ್ನು ನೇರವಾಗಿ ಅವಳನ್ನೇ ಕೇಳುತ್ತಾನಂತೆ, ಅವಳು “ಕೈ ಇಲ್ವಾ ನಿನಗೆ, ತಗೋ” ಎನ್ನುತ್ತಾಳಂತೆ, ಆಮೇಲೆ ಅವನ ಭುಜ ನೋಡಿ ಉಪ್ಪನ್ನು ತಾನೇ ಅವನತ್ತ ತಳ್ಳುತ್ತಾಳಂತೆ. ಎಲ್ಲವೂ ಸರಿಹೋಗಿಲ್ಲ. ತೋಳು ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಗು ವಾಪಸು ಒಯ್ದ ಹೆಂಗಸು ಈಗಲೂ ಓಣಿಯಲ್ಲಿ ಅವಳನ್ನು ಕಂಡರೆ ರಸ್ತೆ ದಾಟುತ್ತಾಳೆ.

ಬೇಕರಿಯವನ ಫೋನು ತೊರೆಗೆ ಹೋಯಿತು. ಹೋದ ವರ್ಷದ ವಿಡಿಯೊ ಹೋಗಲಿಲ್ಲ. ಅದನ್ನು ಇಟ್ಟುಕೊಂಡವರು ನೀವು. ಈಗ ಅದನ್ನು ತೆಗೆದು ಇನ್ನೊಂದು ಸಲ ನೋಡಿ. ಬಂಡೆಯ ಮೇಲಿರುವವಳನ್ನು ಬಿಡಿ, ಚೌಕಟ್ಟಿನ ಅಂಚಿನಲ್ಲಿ ಕಾಣುವ ತೋಳುಗಳನ್ನು ನೋಡಿ. ತೋಳಿನ ಅಂಗಿ ಯಾವುದು, ಬಳೆ ಯಾವುದು, ವಾಚು ಯಾವುದು ಎಂದು ನೋಡಿ. ನಿಮ್ಮದನ್ನು ಹುಡುಕಿಕೊಳ್ಳಿ. ಸಿಕ್ಕಿದ ಮೇಲೆ ಅವಳ ಅಂಗಡಿಗೆ ಹೋಗಿ, ಶಟರಿನ ಹೊರಗೆ ನಿಲ್ಲದೆ ಒಳಗೆ ಹೋಗಿ, ಆ ಕೈ ನನ್ನದು ಎಂದು ಅವಳ ಮುಖಕ್ಕೆ ಹೇಳಿ. ಆಮೇಲೆ ಬೇಕಾದರೆ ಸೇತುವೆಗೆ ಬನ್ನಿ. ಬಂದು, ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಲ್ಲಿ.